ವಾರಂಟ್ ಆಫೀಸರ್: ಬ್ರಿಟಿಷ್ ಪಡೆಗಳಿಂದ ಬೆಂಗಳೂರು ದಂಡಿನವರೆಗೆ

ವಾರಂಟ್ ಆಫೀಸರ್ ಎಂಬುದು ಬ್ರಿಟಿಷ್ ಸೇನಾಪಡೆಗಳಲ್ಲಿ ಕಮಿಷನ್ ಪಡೆದ ಅಧಿಕಾರಿಗಳಿಗಿಂತ ಕೆಳಗೆ, ಸಾರ್ಜೆಂಟರಿಗಿಂತ ಮೇಲೆ ಇರುವ ದರ್ಜೆ. ಅಧಿಕಾರಿಗೆ ಅಧಿಕಾರ ಬರುವುದು ರಾಜಮುದ್ರೆಯ ಕಮಿಷನ್ ಪತ್ರದಿಂದ. ಈ ದರ್ಜೆಯವರಿಗೆ ವಾರಂಟ್ ಎಂಬ ಬೇರೊಂದು ಹುಕುಂ ಪತ್ರದಿಂದ. ಭಾರತದ ಭೂಸೇನೆಯಲ್ಲಿ ಇದಕ್ಕೆ ಹತ್ತಿರದ ಸ್ಥಾನ ಜೂನಿಯರ್ ಕಮಿಷನ್ಡ್ ಆಫೀಸರುಗಳದು. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಮೂರು ಮೆಟ್ಟಿಲಿನ ಈ ವರ್ಗವನ್ನು ಸೈನಿಕರು ಜೆಸಿಓ ಎಂದು ಕರೆಯುತ್ತಾರೆ. ವಾಯುಪಡೆಯಲ್ಲಿ ವಾರಂಟ್ ಆಫೀಸರ್ ಎಂಬ ಹೆಸರೇ ಇಂದಿಗೂ ಬಳಕೆಯಲ್ಲಿದೆ. ಸಿಪಾಯಿಯಾಗಿ ಸೇರಿ, ದಶಕಗಳ ಅನುಭವದ ಬಲದಿಂದ ಮೇಲೆ ಬಂದವರು ಎಂಬುದು ಇವರೆಲ್ಲರಿಗೂ ಸಮಾನವಾದ ಲಕ್ಷಣ. 1809ರಿಂದ ಸೇನಾನೆಲೆಯಾಗಿರುವ ಬೆಂಗಳೂರು ದಂಡಿನಲ್ಲಿ ಬ್ರಿಟಿಷ್ ವಾರಂಟ್ ಆಫೀಸರ್ ಮತ್ತು ಭಾರತೀಯ ಸುಬೇದಾರ್ ಎಂಬ ಎರಡು ಪರಂಪರೆಗಳೂ ಅಕ್ಕಪಕ್ಕದಲ್ಲಿ ಬೆಳೆದವು.

ಮೂಲ: ಹಡಗಿನಿಂದ ಕವಾಯತು ಮೈದಾನಕ್ಕೆ

ಈ ದರ್ಜೆ ಹುಟ್ಟಿದ್ದು ಸಮುದ್ರದಲ್ಲಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಡಗಿನ ಮೇಲೆ ಸೈನಿಕರನ್ನು ನಡೆಸುತ್ತಿದ್ದವರು ಶ್ರೀಮಂತ ಮನೆತನದವರು. ಯುದ್ಧ ಬಲ್ಲವರಾದರೂ ನೌಕಾಯಾನ ಅರಿಯದವರು. ಹಡಗು ಓಡುತ್ತಿದ್ದುದು ಮಾಸ್ಟರ್, ಹಗ್ಗ–ಹಾಯಿಗಳ ಉಸ್ತುವಾರಿಯ ಬೋಸನ್, ಬಡಗಿ, ತೋಪಿನ ಗನ್ನರ್ ಇವರ ಕೈಚಳಕದಿಂದ. ಮುಂದೆ ನೌಕಾಮಂಡಳಿ ಇಂಥ ಕಸುಬುದಾರರಿಗೆ ವಾರಂಟ್ ಕೊಟ್ಟು ನೇಮಿಸತೊಡಗಿತು. ಯುದ್ಧ ಮುಗಿದು ಹಡಗನ್ನು ಬಂದರಿನಲ್ಲಿ ಕಟ್ಟಿಹಾಕಿದಾಗ ಕ್ಯಾಪ್ಟನ್, ನಾವಿಕರು ಚದುರಿ ಹೋಗುತ್ತಿದ್ದರು. ಬೋಸನ್, ಬಡಗಿ, ಗನ್ನರ್ ಮಾತ್ರ ಹಡಗನ್ನು ಬಿಡದೆ ಅದನ್ನು ಕಾಯುತ್ತಿದ್ದರು. ಅಧಿಕಾರಿಗಳು ಬದಲಾದರೂ ಕಸುಬು ಮತ್ತು ನೆನಪು ಒಂದೆಡೆ ಉಳಿಯಬೇಕೆಂಬ ಈ ಏರ್ಪಾಡೇ ಮುಂದೆ ಎಲ್ಲ ಪಡೆಗಳಲ್ಲೂ ಈ ದರ್ಜೆಯ ಆಧಾರವಾಯಿತು.

ಭೂಸೇನೆಗೆ ಈ ದರ್ಜೆ ಕ್ರಮಬದ್ಧವಾಗಿ ಬಂದದ್ದು ತಡವಾಗಿ. 1879ರ ಜನವರಿ 11ರ ರಾಜಾಜ್ಞೆ ಉಗ್ರಾಣ, ಮದ್ದುಗುಂಡುಗಳ ಹೊಣೆ ಹೊತ್ತ ಕಂಡಕ್ಟರುಗಳನ್ನು ವಾರಂಟ್ ದರ್ಜೆಗೆ ಏರಿಸಿತು. 1881ರಲ್ಲಿ ರೆಜಿಮೆಂಟಿನ ಸಾರ್ಜೆಂಟ್ ಮೇಜರ್ ಮುಂತಾದವರಿಗೂ ಅದು ದಕ್ಕಿತು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ವಾರಂಟ್ ಆಫೀಸರ್ ಎರಡನೇ ದರ್ಜೆಯನ್ನು ತೆರೆದು ಕಂಪನಿ ಸಾರ್ಜೆಂಟ್ ಮೇಜರರನ್ನು ಅದರೊಳಗೆ ಸೇರಿಸಲಾಯಿತು. 1938ರಲ್ಲಿ ತೆರೆದ ಮೂರನೇ ದರ್ಜೆ ಹೆಚ್ಚು ಕಾಲ ಬಾಳಲಿಲ್ಲ. ನೌಕಾಪಡೆಯಲ್ಲಿ ಹಳೆಯ ವಾರಂಟ್ ದರ್ಜೆ 1949ರಲ್ಲಿ ರದ್ದಾಗಿ, 1970ರ ದಶಕದಲ್ಲಿ ಫ್ಲೀಟ್ ಚೀಫ್ ಪೆಟಿ ಆಫೀಸರ್ ಎಂಬ ಬೇರೆ ಹೆಸರಿನಲ್ಲಿ ಮರಳಿ, 1985ರಲ್ಲಿ ಮತ್ತೆ ವಾರಂಟ್ ಆಫೀಸರ್ ಆಯಿತು. ಬ್ರಿಟಿಷ್ ಭೂಸೇನೆಗೆಲ್ಲ ಒಬ್ಬರೇ ಆರ್ಮಿ ಸಾರ್ಜೆಂಟ್ ಮೇಜರ್ ಎಂಬ ಹುದ್ದೆ 2015ರಿಂದ ಇದೆ.

ಕಂಪನಿ ಸೈನ್ಯದ ಕಂಡಕ್ಟರುಗಳು

ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ 1879ಕ್ಕಿಂತ ಬಹಳ ಮುಂಚೆಯೇ ಕಂಡಕ್ಟರುಗಳಿದ್ದರು. ಮದ್ದಿನ ಮನೆ, ತೋಪುಗಳ ಸರಂಜಾಮು, ಎತ್ತಿನ ಬಂಡಿಗಳ ಸಾಲು ಇವೆಲ್ಲ ಅವರ ಸುಪರ್ದಿಯಲ್ಲಿದ್ದವು. 1857ರ ಮೇ 11ರಂದು ದೆಹಲಿಯ ಮದ್ದಿನ ಮನೆಯನ್ನು ಬಂಡಾಯಗಾರರ ಕೈಗೆ ಸಿಗದಂತೆ ಸಿಡಿಸಿದ ಸಣ್ಣ ತಂಡದಲ್ಲಿ ಲೆಫ್ಟಿನೆಂಟರ ಜೊತೆ ಕಂಡಕ್ಟರುಗಳೂ ಇದ್ದರು. ಅವರಲ್ಲಿ ಬದುಕುಳಿದ ಜಾನ್ ಬಕ್ಲಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು.

ಮೈಸೂರು ಯುದ್ಧಗಳನ್ನು ಈ ಕಣ್ಣಿನಿಂದ ನೋಡಿದರೆ ಅವರ ಕೆಲಸದ ಭಾರ ತಿಳಿಯುತ್ತದೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದ. ಆಮೇಲೆ ಶ್ರೀರಂಗಪಟ್ಟಣದವರೆಗೆ ಹೋಗಿಯೂ ಆ ವರ್ಷ ಬರಿಗೈಯಲ್ಲಿ ಹಿಂದಿರುಗಿದ. ಎತ್ತುಗಳು ಸಾಲುಸಾಲಾಗಿ ಸತ್ತು, ದವಸ ಮುಗಿದು, ಭಾರಿ ತೋಪುಗಳನ್ನು ಅಲ್ಲೇ ಹಾಳುಗೆಡವಬೇಕಾಯಿತು. ಬಂಡಿ, ಎತ್ತು, ಮದ್ದುಗುಂಡು ಸಕಾಲಕ್ಕೆ ತಲುಪದಿದ್ದರೆ ಸೇನಾಧಿಪತಿಯ ಯೋಜನೆ ಎಷ್ಟು ಚೆನ್ನಾಗಿದ್ದರೂ ಫಲವಿಲ್ಲ.

ದಂಡಿನ ಎರಡು ಏಣಿಗಳು

1799ರಲ್ಲಿ ಮೈಸೂರು ಯುದ್ಧಗಳು ಮುಗಿದ ನಂತರ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಜ್ವರದ ಹಾವಳಿಯಿಂದ ತಪ್ಪಿಸಿಕೊಳ್ಳಲು ಹಲಸೂರಿನ ಬಳಿ ಹೊಸ ನೆಲೆ ಕಟ್ಟಲಾಯಿತು. 1809ರಲ್ಲಿ ಬೆಂಗಳೂರು ದಂಡು ಆರಂಭವಾಯಿತು. ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ, ಇಂದು ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ ರಸ್ತೆ ಇವೆಲ್ಲ ಪಡೆಗಳು ನೆಲೆಸಿದ್ದ ಜಾಗಗಳ ಗುರುತುಗಳು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿ ಸಂದಾಗಲೂ ದಂಡು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಬಳಿಯೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರ ಜುಲೈಯಲ್ಲಿ.

ಈ ದಂಡಿನಲ್ಲಿ ಸೈನಿಕನಿಗೆ ಏರಲು ಎರಡು ಏಣಿಗಳಿದ್ದವು. ಒಂದು ಬಿಳಿಯರದು. ಬ್ರಿಟಿಷ್ ಬೆಟಾಲಿಯನ್ನಿನ ಸಿಪಾಯಿ ಸಾರ್ಜೆಂಟ್ ಆಗಿ, ತುದಿಯಲ್ಲಿ ರೆಜಿಮೆಂಟಲ್ ಸಾರ್ಜೆಂಟ್ ಮೇಜರ್ ಆಗಬಹುದಿತ್ತು. ಕೈಯಲ್ಲಿ ಹೆಜ್ಜೆಯ ಅಳತೆಗೆ 30 ಇಂಚಿಗೆ ತೆರೆದಿಟ್ಟ ಪೇಸ್ ಸ್ಟಿಕ್ ಹಿಡಿದು ಪರೇಡ್ ಮೈದಾನದಲ್ಲಿ ಅವನು ನಿಂತನೆಂದರೆ ಹೊಸ ಲೆಫ್ಟಿನೆಂಟನೂ ಮೈ ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಕೆಳಗಿನವರು ಅವನನ್ನು ‘ಸರ್’ ಎನ್ನಬೇಕು, ಅಧಿಕಾರಿಗಳು ‘ಮಿಸ್ಟರ್’ ಎಂದು ಮರ್ಯಾದೆಯಿಂದ ಕರೆಯಬೇಕು ಎಂಬುದು ರೂಢಿ.

ಇನ್ನೊಂದು ಏಣಿ ಭಾರತೀಯರದು: ಸಿಪಾಯಿ, ನಾಯಕ, ಹವಾಲ್ದಾರ್, ಜಮಾದಾರ್, ಸುಬೇದಾರ್. ಕಂಪನಿಯ ಆರಂಭದ ದಿನಗಳಲ್ಲಿ ಸುಬೇದಾರನೇ ತನ್ನ ಸಿಪಾಯಿಗಳ ನಿಜವಾದ ನಾಯಕ. 1796ರ ಪುನರ್‌ರಚನೆಯಲ್ಲಿ ಪ್ರತಿ ಬೆಟಾಲಿಯನ್ನಿಗೂ ಯುರೋಪಿಯನ್ ಅಧಿಕಾರಿಗಳ ಸಂಖ್ಯೆ ಹೆಚ್ಚಿತು, ಸುಬೇದಾರನ ಕೈ ಕಟ್ಟಿತು. ಬಡ್ತಿ ಸೇವೆಯ ಹಿರಿತನದ ಮೇಲೆ ನಿಂತಿದ್ದರಿಂದ ತಲೆ ನರೆತ ಮೇಲೆ ಸುಬೇದಾರಿಕೆ ಬರುತ್ತಿತ್ತು. ನಿಷ್ಠೆಯ ಸೇವೆಗಾಗಿ 1837ರಲ್ಲಿ ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ ಎಂಬ ಗೌರವವನ್ನು ಸ್ಥಾಪಿಸಿ, ಹಿರಿಯ ಭಾರತೀಯ ಅಧಿಕಾರಿಗಳಿಗೆ ‘ಸರ್ದಾರ್ ಬಹಾದ್ದೂರ್’, ‘ಬಹಾದ್ದೂರ್’ ಎಂಬ ಬಿರುದುಗಳನ್ನು ಕೊಡಲಾಯಿತು. ಬಿರುದಿನಿಂದ ಅಧಿಕಾರವೇನೂ ಹೆಚ್ಚಲಿಲ್ಲ.

ಕಾನೂನಿನ ಕಣ್ಣಿನಲ್ಲಿ ಸುಬೇದಾರ್ ವಾರಂಟ್ ಆಫೀಸರಿಗಿಂತ ಮೇಲಿನವನು. ಅವನಿಗಿದ್ದದ್ದು ವೈಸರಾಯ್ ಕೊಟ್ಟ ಕಮಿಷನ್. ಅದರಿಂದಲೇ ಮುಂದೆ ಈ ವರ್ಗಕ್ಕೆ ವೈಸರಾಯ್ಸ್ ಕಮಿಷನ್ಡ್ ಆಫೀಸರ್, ವಿಸಿಓ ಎಂಬ ಹೆಸರು ಬಂತು. ಆದರೆ ಆ ಕಮಿಷನ್ ಬ್ರಿಟಿಷ್ ಸೈನಿಕರ ಮೇಲೆ ನಡೆಯುತ್ತಿರಲಿಲ್ಲ. ಮೂವತ್ತು ವರ್ಷ ಸೇವೆ ಸಲ್ಲಿಸಿ, ನಾಲ್ಕಾರು ಯುದ್ಧ ಕಂಡ ಸುಬೇದಾರ್ ಮೇಜರ್ ಆಗ ತಾನೇ ಹಡಗಿನಿಂದಿಳಿದ ಇಪ್ಪತ್ತರ ಹರೆಯದ ಲೆಫ್ಟಿನೆಂಟನಿಗೂ ಸಲಾಮು ಹೊಡೆಯಬೇಕಿತ್ತು. ಅದೇ ಲೆಫ್ಟಿನೆಂಟ್ ಸಿಪಾಯಿಗಳ ಭಾಷೆ, ಊರು, ಜಾತಿ, ರಜೆಯ ತಕರಾರು, ಮನೆಯ ಸಾಲ ಎಲ್ಲವನ್ನೂ ಕಲಿಯಬೇಕಿದ್ದುದು ಆ ಸುಬೇದಾರನಿಂದಲೇ. ವಿದ್ಯೆ ಕೊಟ್ಟವನಿಗೆ ಸ್ಥಾನ ನಿರಾಕರಿಸಿದ ಈ ಏರ್ಪಾಡು ವಸಾಹತು ಸೈನ್ಯದ ದೊಡ್ಡ ಅನ್ಯಾಯಗಳಲ್ಲಿ ಒಂದು.

ಇಷ್ಟಿದ್ದರೂ ಸುಬೇದಾರಿಕೆ ಎಷ್ಟೋ ಮನೆಗಳಿಗೆ ಅಕ್ಷರದ ಬಾಗಿಲು ತೆರೆಯಿತು. ಬಿ.ಆರ್. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲ್ ಸೇನೆಯ ಶಾಲೆಯಲ್ಲಿ ಪಾಠ ಹೇಳಿದ ಸುಬೇದಾರ್. ಊರಿನಲ್ಲಿ ಜಾತಿ ಮುಚ್ಚಿಟ್ಟ ಕಲಿಕೆ ಸೇನೆಯ ಮೂಲಕ ಆ ಮನೆಗೆ ಬಂದಿತ್ತು.

ಹಲಸೂರು ಕೆರೆಯ ದಡದ ಸ್ಯಾಪರ್ಸ್

ದಂಡಿನ ಸುಬೇದಾರ್ ಪರಂಪರೆ ಮುರಿಯದೆ ಉಳಿದಿರುವ ಮುಖ್ಯ ನೆಲೆ ಮದ್ರಾಸ್ ಸ್ಯಾಪರ್ಸ್. 1780ರ ಸೆಪ್ಟೆಂಬರ್ 30ರಂದು ಎರಡು ಪಯೊನಿಯರ್ ಕಂಪನಿಗಳಾಗಿ ಹುಟ್ಟಿದ ಈ ಪಡೆ 1834ರಲ್ಲಿ ಬೆಂಗಳೂರಿಗೆ ಬಂದು ಹಲಸೂರು ಕೆರೆಯ ಬಳಿ ನೆಲೆಸಿತು. ಇಂದು ಅದು ಮದ್ರಾಸ್ ಎಂಜಿನಿಯರ್ ಗ್ರೂಪ್, ಊರಿನವರ ಬಾಯಲ್ಲಿ ಎಂಇಜಿ. ತಮಿಳು, ತೆಲುಗು, ಕನ್ನಡ, ಮಲಯಾಳ ಮಾತಾಡುವ ದಕ್ಷಿಣದ ಹುಡುಗರ ಪಡೆ ಇದು; ಇಲ್ಲಿನ ಸೈನಿಕನನ್ನು ಪ್ರೀತಿಯಿಂದ ‘ತಂಬಿ’ ಎನ್ನುತ್ತಾರೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬು ತೆಗೆಯುವುದು ಇವರ ಕಸುಬು. ಮುಳ್ಳುತಂತಿಯ ಬೇಲಿ ಸಿಡಿಸಲು ಜಗತ್ತಿನ ಸೇನೆಗಳು ಬಳಸಿದ ‘ಬ್ಯಾಂಗಲೋರ್ ಟಾರ್ಪಿಡೊ’ ಎಂಬ ಕೊಳವೆ ಬಾಂಬನ್ನು 1912ರಲ್ಲಿ ಇಲ್ಲಿಯೇ ರೂಪಿಸಿದವನು ಈ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್. ಇಂಥ ಕಸುಬು ಪುಸ್ತಕದಿಂದ ಬರುವುದಿಲ್ಲ. ಹಗ್ಗದ ಗಂಟು, ಮದ್ದಿನ ಪ್ರಮಾಣ, ಮರದ ದಿಮ್ಮಿ ತಾಳುವ ಭಾರ ಇವನ್ನು ಹಿರಿಯ ಸುಬೇದಾರ್ ಕಿರಿಯನ ಕೈ ಹಿಡಿದು ಕಲಿಸಬೇಕು.

ಮೊದಲ ಮಹಾಯುದ್ಧಕ್ಕೆ ಹೊರಟ ಭಾರತೀಯ ಕಾಲಾಳು ಬೆಟಾಲಿಯನ್ನಿನಲ್ಲಿ ಬ್ರಿಟಿಷ್ ಅಧಿಕಾರಿಗಳು ಸುಮಾರು 13 ಮಂದಿ, ಭಾರತೀಯ ಅಧಿಕಾರಿಗಳು 17 ಮಂದಿ. ಫ್ರಾನ್ಸಿನ ಕಂದಕಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಒಬ್ಬೊಬ್ಬರಾಗಿ ಬಿದ್ದಾಗ ಪಡೆಯನ್ನು ನಡೆಸಿದವರು ಸುಬೇದಾರರು ಮತ್ತು ಜಮಾದಾರರು. ಭಾರತೀಯರು ಆಜ್ಞೆ ಕೊಡಲಾರರು ಎಂಬ ವಾದ ಅಲ್ಲಿಗೆ ಸುಳ್ಳಾಯಿತು. 1917ರಲ್ಲಿ ರಾಜನ ಕಮಿಷನ್ ಭಾರತೀಯರಿಗೂ ತೆರೆಯಿತು. ಆ ಬಾಗಿಲಿನಿಂದ 1919ರಲ್ಲಿ ಒಳಬಂದ ಕೊಡಗಿನ ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು.

ಎರಡನೇ ಮಹಾಯುದ್ಧದಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣ್ಯನ್ ಇಟಲಿಯ ಮಿಗ್ನಾನೊ ಬಳಿ ನೆಲಬಾಂಬು ತೆಗೆಯುವ ತಂಡವನ್ನು ನಡೆಸುತ್ತಿದ್ದರು. 1944ರ ಫೆಬ್ರುವರಿ 24ರಂದು ಸಿಡಿಯಲಿದ್ದ ಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿ ಪ್ರಾಣ ಬಿಟ್ಟರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಸಂದಿತು.

ವಾಯುಪಡೆಯಲ್ಲಿ

ಭಾರತೀಯ ವಾಯುಪಡೆ 1932ರ ಅಕ್ಟೋಬರ್ 8ರಂದು ಸ್ಥಾಪನೆಯಾದಾಗ ದರ್ಜೆಗಳ ಹೆಸರುಗಳನ್ನು ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನಿಂದ ಪಡೆಯಿತು. ಆರಂಭದ ನೆಲಸಿಬ್ಬಂದಿಯನ್ನು ‘ಹವಾಯಿ ಸಿಪಾಯಿ’ ಎನ್ನುತ್ತಿದ್ದರು. ಅವರಲ್ಲೊಬ್ಬರಾದ ಹರ್ಜಿಂದರ್ ಸಿಂಗ್ ವಾರಂಟ್ ಆಫೀಸರ್ ಆಗಿ, 1942ರಲ್ಲಿ ಕಮಿಷನ್ ಪಡೆದು, ಕೊನೆಗೆ ಏರ್ ವೈಸ್ ಮಾರ್ಷಲ್ ದರ್ಜೆಗೆ ಏರಿದರು. ಇಂದು ಸಾರ್ಜೆಂಟ್ ಆದ ಮೇಲೆ ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್ ಎಂಬ ಮೂರು ಮೆಟ್ಟಿಲುಗಳಿವೆ. ವಿಮಾನದ ಎಂಜಿನ್, ರೇಡಾರ್, ಶಸ್ತ್ರಗಳ ದುರಸ್ತಿಯಲ್ಲಿ ಜೀವಮಾನದ ಅನುಭವ ಇವರ ಬಳಿ ಇರುತ್ತದೆ.

ಬೆಂಗಳೂರಿಗೂ ಈ ದರ್ಜೆಗೂ ಹಳೆಯ ನಂಟು. 1940ರಲ್ಲಿ ಆರಂಭವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1949ರಲ್ಲಿ ಜಾಲಹಳ್ಳಿಯಲ್ಲಿ ತೆರೆದ ತಾಂತ್ರಿಕ ಕಾಲೇಜು, ಹೆಬ್ಬಾಳದಲ್ಲಿರುವ ತರಬೇತಿ ಕಮಾಂಡ್ ಇವೆಲ್ಲ ಸೇರಿ ನಗರವನ್ನು ವಾಯುಪಡೆಯ ತಾಂತ್ರಿಕ ವಿದ್ಯೆಯ ಕೇಂದ್ರವಾಗಿಸಿವೆ.

ಸ್ವಾತಂತ್ರ್ಯದ ನಂತರ

ಸ್ವತಂತ್ರ ಭಾರತ ಈ ಮಧ್ಯದ ದರ್ಜೆಯನ್ನು ಕೈಬಿಡಲಿಲ್ಲ. ವಿಸಿಓ ಹೋಗಿ ಜೆಸಿಓ ಆಯಿತು. 1965ರಲ್ಲಿ ಜಮಾದಾರ್ ಎಂಬ ಹೆಸರು ನಾಯಬ್ ಸುಬೇದಾರ್ ಎಂದು ಬದಲಾಯಿತು. ನಾಯಬ್ ಸುಬೇದಾರನ ಹೆಗಲ ಮೇಲೆ ಒಂದು ನಕ್ಷತ್ರ, ಸುಬೇದಾರನಿಗೆ ಎರಡು, ಸುಬೇದಾರ್ ಮೇಜರನಿಗೆ ಅಶೋಕ ಲಾಂಛನ. ಮೂರಕ್ಕೂ ಕೆಳಗೆ ಕೆಂಪು–ಹಳದಿ–ಕೆಂಪು ಪಟ್ಟಿ. ಕರ್ನಲ್ ಕೂಡ ಇವರನ್ನು ‘ಸಾಬ್’ ಎಂದೇ ಕರೆಯುತ್ತಾರೆ. ಬೆಟಾಲಿಯನ್ನಿನ ಸುಬೇದಾರ್ ಮೇಜರ್, ಅಂದರೆ ‘ಎಸ್‌ಎಂ ಸಾಬ್’, ಸೈನಿಕರ ಅಹವಾಲನ್ನು ಕಮಾಂಡಿಂಗ್ ಆಫೀಸರರಿಗೆ ನೇರವಾಗಿ ಮುಟ್ಟಿಸುವ ಹಿರಿಯ. ಉತ್ತಮ ಸೇವೆಯ ಜೆಸಿಓಗಳಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದಂದು ಗೌರವ ಲೆಫ್ಟಿನೆಂಟ್ ಅಥವಾ ಗೌರವ ಕ್ಯಾಪ್ಟನ್ ಪದವಿ ಸಿಗುತ್ತದೆ. 1962ರ ಯುದ್ಧದ ಸುಬೇದಾರ್ ಜೋಗಿಂದರ್ ಸಿಂಗ್, 1987ರಲ್ಲಿ ಸಿಯಾಚಿನ್‌ನಲ್ಲಿ ಪಾಕಿಸ್ತಾನದ ಠಾಣೆ ಗೆದ್ದ ನಾಯಬ್ ಸುಬೇದಾರ್ ಬಾನಾ ಸಿಂಗ್ ಇಬ್ಬರೂ ಪರಮವೀರ ಚಕ್ರ ಪಡೆದ ಜೆಸಿಓಗಳು.

ಕನ್ನಡಿಗರಿಗೆ ಸಿಯಾಚಿನ್ ಎಂದರೆ ಮೊದಲು ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು 19ನೇ ಮದ್ರಾಸ್ ಬೆಟಾಲಿಯನ್ನಿನ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆ ಹತ್ತರಲ್ಲಿ ಒಬ್ಬರು ಜೆಸಿಓ: ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ. ಸಮುದ್ರಮಟ್ಟದಿಂದ 19,000 ಅಡಿಗೂ ಎತ್ತರದ ಠಾಣೆಯಲ್ಲಿ ಹುಡುಗರ ಜೊತೆ ಅದೇ ಡೇರೆಯಲ್ಲಿ ಮಲಗುವ ಹಿರಿಯ ಯಾರು ಎಂದರೆ ಜೆಸಿಓ. ಹನುಮಂತಪ್ಪನವರ ಹೆಸರಿನ ಪಕ್ಕದಲ್ಲಿ ನಾಗೇಶರ ಹೆಸರನ್ನೂ ನಾಡು ನೆನೆಯಬೇಕು.

ಪೂರ್ವ ಬೆಂಗಳೂರು ಮತ್ತು ಹೊರಮಾವು

ಹಲಸೂರಿನ ಎಂಇಜಿ, ಆರ್ಮಿ ಸರ್ವಿಸ್ ಕೋರ್ ಕೇಂದ್ರ, ಹಳೆ ವಿಮಾನ ನಿಲ್ದಾಣ ರಸ್ತೆಯ ಕಮಾಂಡ್ ಆಸ್ಪತ್ರೆ ಇವೆಲ್ಲ ನಗರದ ಪೂರ್ವಕ್ಕೇ ಇರುವುದರಿಂದ ನಿವೃತ್ತ ಸೈನಿಕರ ನೆಲೆಯೂ ಅತ್ತಲೇ ಬೆಳೆಯಿತು. ಕಮ್ಮನಹಳ್ಳಿಯ ಜಲವಾಯು ವಿಹಾರ ನೌಕಾಪಡೆ, ವಾಯುಪಡೆಯವರಿಗೆಂದೇ ಕಟ್ಟಿದ ಬಡಾವಣೆ. ಅದರಾಚೆ ಬಾಣಸವಾಡಿ, ಹೊರಮಾವು, ರಾಮಮೂರ್ತಿನಗರಗಳಲ್ಲಿ ಜೆಸಿಓಗಳು, ವಾರಂಟ್ ಆಫೀಸರರು ಸೈಟು ಕೊಂಡು ಮನೆ ಕಟ್ಟಿಕೊಂಡಿದ್ದಾರೆ. ಕೆ.ಆರ್. ಪುರ ಹೋಬಳಿಯ ಕೆರೆಯಂಚಿನ ಹಳ್ಳಿಯಾಗಿದ್ದ ಹೊರಮಾವು ಹೊರವರ್ತುಲ ರಸ್ತೆ ಬಂದ ಮೇಲೆ ಬಡಾವಣೆಗಳ ಊರಾಯಿತು. ಭೂಸೇನೆಯ ಸುಬೇದಾರ್ ಐವತ್ತರ ಆಸುಪಾಸಿನಲ್ಲಿ, ವಾಯುಪಡೆಯ ವಾರಂಟ್ ಆಫೀಸರ್ ಹೆಚ್ಚೆಂದರೆ 57ಕ್ಕೆ ನಿವೃತ್ತರಾಗುತ್ತಾರೆ. ಮಕ್ಕಳ ಓದು ಇನ್ನೂ ಮುಗಿದಿರುವುದಿಲ್ಲ. ಕ್ಯಾಂಟೀನ್ ಕಾರ್ಡು, ಪಿಂಚಣಿ, ಆಸ್ಪತ್ರೆಯ ಸೌಲಭ್ಯ ಕೈಗೆಟಕುವ ದೂರದಲ್ಲಿರಬೇಕೆಂಬುದು ಅವರು ಈ ಭಾಗವನ್ನು ಆಯ್ದುಕೊಳ್ಳಲು ನೇರ ಕಾರಣ.

ಮಹತ್ವ

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಸೇವೆ ನಾಲ್ಕು ವರ್ಷದ್ದು. ಅವರಲ್ಲಿ ಶೇಕಡಾ 25ರವರೆಗೆ ಮಾತ್ರ ಮುಂದುವರಿಯುತ್ತಾರೆ. ನಾಳಿನ ಸುಬೇದಾರರು, ವಾರಂಟ್ ಆಫೀಸರರು ಬರಬೇಕಾದದ್ದು ಈ ನಾಲ್ಕರಲ್ಲೊಬ್ಬರಿಂದಲೇ. ಆಯ್ಕೆಯಾಗಿ ಉಳಿದವರ ಮೇಲೆ ಕಲಿಸುವ ಹೊಣೆ ಮೊದಲಿಗಿಂತ ಹೆಚ್ಚು ಬೀಳುತ್ತದೆ, ಏಕೆಂದರೆ ಅವರ ಕೈಕೆಳಗಿನವರಲ್ಲಿ ಬಹುಪಾಲು ಜನ ಬೇಗ ಹೊರಟುಹೋಗುತ್ತಾರೆ. ಜನರಲ್‌ಗಳ ಹೆಸರು ರಸ್ತೆ, ಮೈದಾನಗಳಿಗೆ ಸಂದಿದೆ; ಸೈನಿಕರನ್ನು ಸೈನಿಕರನ್ನಾಗಿ ಮಾಡಿದವರ ಹೆಸರು ರೆಜಿಮೆಂಟಿನ ದಫ್ತರದಲ್ಲೇ ಉಳಿದಿದೆ. ಬೆಂಗಳೂರು ದಂಡಿನ ಎರಡು ಶತಮಾನಗಳ ಚರಿತ್ರೆಯಲ್ಲಿ ಕಮಿಷನ್ ಕೊಟ್ಟ ಕೈ ಬದಲಾಗಿದೆ, ದರ್ಜೆಯ ಹೆಸರು ಬದಲಾಗಿದೆ. ಕೆಳಗಿನಿಂದ ಬಂದು ಕೆಳಗಿನವರನ್ನು ಬಲ್ಲ ನಾಯಕನ ಅಗತ್ಯ ಮಾತ್ರ ಕಡಿಮೆಯಾಗಿಲ್ಲ.