ಹೆಸರಿಲ್ಲದ ಹೆಂಗಸಿಗೆ ಹೆಸರಿಟ್ಟ ಲಿಯಾ ಪರ್ಸೆಲ್

ಒಂದು ಕಥೆ ಅಂದ್ರೆ ನಿಮಗೆ ಪ್ರಾಣ. ಆದ್ರೆ ಅದರಲ್ಲಿ ನಿಮ್ಮ ಜನಕ್ಕೆ ಸಿಕ್ಕಿರೋದು ಒಂದು ಮೂಲೆ ಮಾತ್ರ. ಏನ್ಮಾಡ್ತೀರಿ?

ಲಿಯಾ ಪರ್ಸೆಲ್ ಆಸ್ಟ್ರೇಲಿಯಾದ ಮೂಲನಿವಾಸಿ ನಟಿ. 1970ರಲ್ಲಿ ಹುಟ್ಟಿ, ಕ್ವೀನ್ಸ್‌ಲ್ಯಾಂಡಿನ ಮರ್ಗನ್ ಎಂಬ ಸಣ್ಣ ಊರಲ್ಲಿ ಬೆಳೆದವರು. ಚಿಕ್ಕವರಿದ್ದಾಗ ಅಮ್ಮ ಓದಿ ಹೇಳ್ತಿದ್ದ ಕಥೆ, ಹೆನ್ರಿ ಲಾಸನ್ 1892ರಲ್ಲಿ ಬರೆದ 'ದಿ ಡ್ರೋವರ್ಸ್ ವೈಫ್'. ಗಂಡ ಕುರಿ ಹೊಡ್ಕೊಂಡು ದೂರ ಹೋಗಿದಾನೆ. ಕಾಡಿನ ಒಂಟಿ ಮನೇಲಿ ಹೆಂಡತಿ ನಾಲ್ಕು ಮಕ್ಕಳನ್ನ ಹಾವಿನಿಂದ ಕಾಯ್ತಾಳೆ. ಆಕೆಗೆ ಹೆಸರೇ ಇಲ್ಲ! ಅದರಲ್ಲಿ ಬರೋ ಮೂಲನಿವಾಸಿ ಗಂಡಸು ಸೌದೆ ರಾಶಿಯ ಒಳಗೆ ಟೊಳ್ಳು ಬಿಟ್ಟು ಮೋಸ ಮಾಡೋನು.

ಲಿಯಾ ಬೆಳೆದರು, ಟಿವಿಗೆ ಬಂದರು. 1996ರಲ್ಲಿ 'ಪೊಲೀಸ್ ರೆಸ್ಕ್ಯೂ', 2012ರಲ್ಲಿ 'ರೆಡ್‌ಫರ್ನ್ ನೌ', 2018ರಿಂದ ಜೈಲಿನ ಕಥೆ 'ವೆಂಟ್‌ವರ್ತ್'. ಆದ್ರೆ ಬೇರೆಯವರು ಬರೆದ ಪಾತ್ರ ಮಾಡಿದ್ದಷ್ಟೇ ಅಲ್ಲ, ಪೆನ್ನೂ ಹಿಡಿದರು.

2016ರಲ್ಲಿ ಸಿಡ್ನಿಯ ಬೆಲ್ವಾರ್ ರಂಗಮಂದಿರದಲ್ಲಿ ಅದೇ ಕಥೆ ನಾಟಕವಾಗಿ ಬಂತು. ಬರೆದವರೂ ಲಿಯಾ, ನಾಯಕಿಯೂ ಲಿಯಾ. ಹೆಂಡತಿಗೆ ಈಗ ಹೆಸರಿದೆ: ಮೋಲಿ ಜಾನ್ಸನ್. ಮೂಲನಿವಾಸಿ ಗಂಡಸಿಗೂ ಹೆಸರಿದೆ: ಯಡಾಕಾ. ಅವನು ಮೋಸಗಾರನಲ್ಲ, ಬಿಳಿಯರ ಕಾನೂನಿನಿಂದ ತಪ್ಪಿಸಿಕೊಂಡು ಓಡ್ತಿರೋ ಮನುಷ್ಯ. ಮೋಲಿಯ ರಕ್ತದಲ್ಲೇ ಮೂಲನಿವಾಸಿ ಬೇರಿದೆ ಅನ್ನೋದನ್ನ ಬಿಚ್ಚಿಡೋದೂ ಅವನೇ.

2017ರಲ್ಲಿ ಈ ನಾಟಕಕ್ಕೆ ವಿಕ್ಟೋರಿಯಾ ರಾಜ್ಯದ ದೊಡ್ಡ ಸಾಹಿತ್ಯ ಬಹುಮಾನ ಬಂತು. 2019ರಲ್ಲಿ ಕಾದಂಬರಿ, 2021ರಲ್ಲಿ ಸಿನಿಮಾ. ಸಿನಿಮಾದ ನಿರ್ದೇಶನವೂ ಅವರದೇ.

ನೋಡಿ, ಲಿಯಾ ಹಳೇ ಕಥೆಯನ್ನ ಸುಡಲಿಲ್ಲ. ಅದರೊಳಗೆ ನುಗ್ಗಿ ತಮ್ಮ ಜನಕ್ಕೆ ಜಾಗ ಮಾಡಿದರು. ಇತಿಹಾಸ ತಿದ್ದೋಕೆ ಇದೂ ಒಂದು ದಾರಿ.

ನೀವು ಕೇಳಿ ಬೆಳೆದ ಕಥೆಗಳಲ್ಲಿ ಹೆಸರಿಲ್ಲದೆ ಬಂದು ಹೋದವರು ಯಾರು? ಕಾಮೆಂಟಲ್ಲಿ ಬರೀರಿ 👇