ಕಾಯವೇ ದಂಡಿಗೆ: ಬಸವಣ್ಣನವರ ವಚನದ ಹಿಂದಿರುವ ವಾದ್ಯ

ತಮ್ಮ ಕಾಯವನ್ನೇ ವಾದ್ಯವನ್ನಾಗಿಸಿ ನುಡಿಸಬೇಕೆಂದು ಗುರು ಬಸವಣ್ಣನವರು ಕೂಡಲಸಂಗಮದೇವನಲ್ಲಿ ಬೇಡಿಕೊಂಡ ವಚನವನ್ನು ಕೇಳದ ಶರಣಬಂಧುಗಳು ವಿರಳ. ಪ್ರಾರ್ಥನೆಯಲ್ಲಿ, ಅನುಭಾವಗೋಷ್ಠಿಗಳಲ್ಲಿ, ಸಂಗೀತಗಾರರ ಕಂಠದಲ್ಲಿ ಅದು ಇಂದಿಗೂ ಮೊಳಗುತ್ತಿದೆ. ಆದರೆ ಅದನ್ನು ಕೇಳುವಾಗ ನಮ್ಮ ಕಣ್ಣೆದುರಿಗೆ ಬರುವ ವಾದ್ಯ ಯಾವುದು? ಬಹುಮಟ್ಟಿಗೆ ಅದು ಇಂದಿನ ಸರಸ್ವತಿ ವೀಣೆಯೇ ಆಗಿರುತ್ತದೆ. ಇಲ್ಲಿಯೇ ಅರ್ಥವು ಸ್ವಲ್ಪ ಜಾರಿಹೋಗುತ್ತದೆ.

ಹಲಸಿನ ಮರದಲ್ಲಿ ಕೊಡವನ್ನು ಕೊರೆದು, ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಸ್ಥಿರವಾಗಿ ಕೂಡಿಸಿದ ಈಗಿನ ವೀಣೆಯ ರೂಪವನ್ನು ತಂಜಾವೂರಿನ ರಘುನಾಥ ನಾಯಕನ ಕಾಲದೊಡನೆ, ಎಂದರೆ 17ನೆಯ ಶತಮಾನದ ಆರಂಭದೊಡನೆ ಜೋಡಿಸುವುದು ಸಂಗೀತ ಚರಿತ್ರೆಯ ವಾಡಿಕೆ. ಅದು ಬಸವಣ್ಣನವರಿಗಿಂತ ಸುಮಾರು ನಾಲ್ಕೂವರೆ ಶತಮಾನಗಳ ಈಚಿನದು. ಆ ವೀಣೆಯಲ್ಲಿ ನಾದವು ಹುಟ್ಟುವುದು ಮರದ ಕೊಡದಲ್ಲಿ. ಸೋರೆಯ ಬುರುಡೆ ಅಲ್ಲಿ ಎರಡನೆಯ ಸ್ಥಾನದ್ದು. ವಚನದಲ್ಲಿ ಮರದ ಕೊಡದ ಮಾತೇ ಇಲ್ಲ. ಅಲ್ಲಿರುವುದು ದಂಡಿಗೆ ಮತ್ತು ಸೋರೆ.

ದಂಡಿಗೆ ಎಂದರೆ ನೇರವಾದ ಕೋಲು. ಮುಂದೆ ಹರಿದಾಸರ ಕಾಲಕ್ಕೆ ತಂಬೂರಿಯನ್ನೇ ದಂಡಿಗೆಯೆಂದು ಕರೆಯುವ ರೂಢಿ ಬಂದಿತು. 12ನೆಯ ಶತಮಾನದ ವೀಣೆಗಳು ಮುಖ್ಯವಾಗಿ ಈ ಕೋಲುವೀಣೆಗಳೇ: ಒಂದು ದಂಡ, ಅದರ ಅಡಿಗೆ ಕಟ್ಟಿದ ಒಂದೋ ಎರಡೋ ಸೋರೆಬುರುಡೆ, ಮೇಲೆ ತಂತಿ. ಅಂದಿನ ಶಿಲ್ಪಗಳಲ್ಲಿಯೂ ವೀಣಾಪಾಣಿಗಳ ಕೈಯಲ್ಲಿ ಕಾಣುವುದು ಇಂಥವೇ.

ಇವುಗಳ ರಚನೆಯನ್ನು ವಿಸ್ತಾರವಾಗಿ ಹೇಳಿದವನು ಶಾರ್ಙ್ಗದೇವ. ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರಗಳ ಅಧಿಕಾರಿಯಾಗಿದ್ದುಕೊಂಡು 13ನೆಯ ಶತಮಾನದ ಪೂರ್ವಾರ್ಧದಲ್ಲಿ ‘ಸಂಗೀತರತ್ನಾಕರ’ವನ್ನು ರಚಿಸಿದವನು ಈತ. (ಬಿಜ್ಜಳನ ಆಸ್ಥಾನದಲ್ಲಿ ಬಸವಣ್ಣನವರದೂ ಕರಣಿಕ ಕಾಯಕವೇ ಆಗಿತ್ತೆಂಬುದು ಇಲ್ಲಿ ನೆನಪಾಗದಿರದು.) ಏಕತಂತ್ರಿ ವೀಣೆಗೆ ಖದಿರ ಮರದ, ಮೂರು ಹಸ್ತ ಉದ್ದದ ದಂಡವನ್ನು ಆತ ವಿಧಿಸುತ್ತಾನೆ. ಅದರ ತಂತಿಯು ಸ್ನಾಯುವಿನಿಂದ ಆದದ್ದು. ಹೀಗಿರುವಾಗ ನರವು ತಂತಿಯಾಗಲೆಂಬ ಬಸವಣ್ಣನವರ ಬೇಡಿಕೆಯು ಕೇವಲ ಹೋಲಿಕೆಯಲ್ಲ. ಅಂದಿನ ವಾದ್ಯಗಾರನು ದಿನವೂ ಕೈಯಿಂದ ಹುರಿಗೊಳಿಸುತ್ತಿದ್ದ ವಸ್ತುವೇ ಅದು. ಪ್ರಾಣಿಯ ನರವನ್ನು ಬಿಗಿದು ನಾದ ಹೊರಡಿಸುವುದನ್ನು ಕಂಡಿದ್ದವರು, ತಮ್ಮ ನರವನ್ನೇ ಬಿಗಿದುಕೊಳ್ಳೆಂದು ದೇವರ ಮುಂದೆ ಒಡ್ಡಿಕೊಂಡರು. ಬಿಗಿಯುವಾಗಿನ ನೋವೂ ಆ ಮಾತಿನೊಳಗಿದೆ.

ಬೆರಳನ್ನು ಕಡ್ಡಿಯಾಗಿಸುವ ಮಾತನ್ನು ಮೀಟುವ ಕಡ್ಡಿಯೆಂದು ಹೇಳುವುದುಂಟು. ಏಕತಂತ್ರಿಯನ್ನು ನುಡಿಸುವವನು ಎಡಗೈಯಲ್ಲಿ ಬಿದಿರಿನ ತುಂಡೊಂದನ್ನು ಹಿಡಿದು, ಅದನ್ನು ತಂತಿಯ ಮೇಲೆ ಜಾರಿಸುತ್ತ ಸ್ವರಸ್ಥಾನಗಳನ್ನು ಹುಡುಕುತ್ತಿದ್ದನೆಂಬುದನ್ನು ನೆನೆದರೆ ಎರಡನೆಯ ಅರ್ಥವೂ ಹೊಂದುತ್ತದೆ.

ಇನ್ನು ವಚನದ ಕೊನೆಯ ಬೇಡಿಕೆ. ಬತ್ತೀಸ, ಅಂದರೆ ಮೂವತ್ತೆರಡು ರಾಗಗಳ ಹಾಡಿಕೆಯ ಬಳಿಕ, ತನ್ನನ್ನು ಎದೆಗೆ ಅಮುಕಿಕೊಂಡು ನುಡಿಸಬೇಕೆಂದು ಬಸವಣ್ಣನವರು ಕೇಳುತ್ತಾರೆ. ಇದನ್ನು ಭಕ್ತಿಯ ಉತ್ಕಟತೆಯೆಂದಷ್ಟೇ ವ್ಯಾಖ್ಯಾನಿಸಿ ಮುಂದೆ ಸಾಗುವವರೇ ಹೆಚ್ಚು. ವಾಸ್ತವದಲ್ಲಿ ಇದು ವಾದನಕ್ರಮದ ಖಚಿತವಾದ ವಿವರ. ಕೋಲುವೀಣೆಯ ಸೋರೆಬುರುಡೆಯ ತೆರೆದ ಬಾಯನ್ನು ವಾದಕನು ತನ್ನ ಎದೆಗೆ ಒತ್ತಿಕೊಳ್ಳುತ್ತಿದ್ದನು. ಒತ್ತಿದಾಗ ನಾದ ಒಳಗೊಳ್ಳುತ್ತದೆ, ಸಡಿಲಿಸಿದಾಗ ಅರಳುತ್ತದೆ. ನುಡಿಸುವವನ ಎದೆಗೂಡೇ ವಾದ್ಯದ ಇನ್ನೊಂದು ಬುರುಡೆಯಾಗುತ್ತದೆ. ತೊಡೆಯ ಮೇಲೋ ನೆಲದ ಮೇಲೋ ಇರಿಸಿ ನುಡಿಸುವ ಇಂದಿನ ವೀಣೆಯನ್ನು ಕಲ್ಪಿಸಿಕೊಂಡರೆ ಈ ಸಾಲಿಗೆ ಆಧಾರವೇ ಇಲ್ಲ. ಶಿರವೇ ಸೋರೆಯಾದ ಮೇಲೆ, ಭಕ್ತನ ತಲೆಯು ದೇವರ ಎದೆಗೆ ಒರಗುತ್ತದೆಂದು ಹೇಳಿದಂತಾಯಿತು.

ಸೋರೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ವಾದ್ಯಕ್ಕೆ ಒದಗುವುದು ಊಟದ ಸೋರೆಯಲ್ಲ, ನಾಲಿಗೆಗೆ ಸಲ್ಲದ ಕಹಿಸೋರೆ. ಅದನ್ನು ಚೆನ್ನಾಗಿ ಬಲಿಯಲು ಬಿಟ್ಟು, ಒಣಗಿಸಿ, ಒಳಗಿನ ತಿರುಳನ್ನೂ ಬೀಜವನ್ನೂ ಪೂರ್ತಿ ತೆಗೆಯುತ್ತಾರೆ. ಏನಾದರೂ ಉಳಿದಿದ್ದರೆ ನಾದ ಮಂಕಾಗುತ್ತದೆ. ತಾಳಮಾನಗಳನ್ನು ತಾನರಿಯೆನೆಂದು ಇನ್ನೊಂದು ವಚನದಲ್ಲಿ ಹೇಳಿಕೊಂಡವರಿಗೆ ವಾದ್ಯದ ಒಳಗುಟ್ಟು ಇಷ್ಟು ತಿಳಿದಿತ್ತು!

ತಿಳಿದಿರಲು ಕಾರಣವೂ ಉಂಟು. ಕಲ್ಯಾಣವು ಸಂಗೀತದ ನಗರವಾಗಿತ್ತು. ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳು ಅರಸನ ವಿನೋದಗಳ ಸಾಲಿನಲ್ಲಿ ಬರುತ್ತವೆ. ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ವಾದ್ಯವು ವಿನೋದವನ್ನು ಬಿಟ್ಟು ಕಾಯಕವಾಯಿತು. ಕಿನ್ನರಿ ಬೊಮ್ಮಯ್ಯನವರು ಮೂಲತಃ ಅಕ್ಕಸಾಲೆ ವೃತ್ತಿಯವರೆಂದೂ, ಅದನ್ನು ತೊರೆದು ಬಂದು ತ್ರಿಪುರಾಂತಕನ ಸನ್ನಿಧಿಯಲ್ಲಿ ಕಿನ್ನರಿ ನುಡಿಸುವ ಕಾಯಕ ಹಿಡಿದರೆಂದೂ ಪರಂಪರೆ ಹೇಳುತ್ತದೆ. ‘ಮಹಾಲಿಂಗ ತ್ರಿಪುರಾಂತಕ’ ಎಂಬುದು ಅವರ ವಚನಾಂಕಿತ. ಅರಸೊತ್ತಿಗೆಯನ್ನು ಬಿಟ್ಟು ಬಂದ ಸಕಳೇಶ ಮಾದರಸರೂ ವೀಣಾಪ್ರವೀಣರು. ಇವರ ನಡುವೆ ಕುಳಿತವರಿಗೆ ಈ ರೂಪಕವನ್ನು ದೂರದಿಂದ ತರಬೇಕಾಗಿರಲಿಲ್ಲ.

ಕಿನ್ನರಿಯು ಏಕತಂತ್ರಿಗಿಂತ ಭಿನ್ನ. ಅದಕ್ಕೆ ಮೇಣದಿಂದ ಕೂಡಿಸಿದ ಮೆಟ್ಟಿಲುಗಳಿರುತ್ತವೆ. ಆಸ್ಥಾನಗಳಿಂದ ಅದು ಮರೆಯಾದ ಮೇಲೂ ನಮ್ಮ ನಾಡಿನ ಕಿನ್ನರಿ ಜೋಗಿಗಳು ಅದನ್ನು ಕಾಪಾಡಿಕೊಂಡು ಬಂದರು. ಬಿದಿರಿನ ದಂಡ, ಮೂರು ಸೋರೆಬುರುಡೆ, ನವಿಲುಗರಿಯ ಅಲಂಕಾರದೊಂದಿಗೆ ಅವರು ಅರ್ಜುನ ಜೋಗಿಯ ಕಥೆಯನ್ನು ಹಾಡುತ್ತ ಮನೆಮನೆಗೆ ಬರುತ್ತಿದ್ದರು. ಪಂಡಿತರು ಬಿಟ್ಟದ್ದನ್ನು ಭಿಕ್ಷುಕರೆನಿಸಿಕೊಂಡವರು ಉಳಿಸಿದರು. ಈಗ ಅವರ ಮಕ್ಕಳಲ್ಲಿ ಕಿನ್ನರಿ ಹಿಡಿಯುವವರು ತೀರ ಕಡಿಮೆ.

ಸೋರೆಯ ಕುಶಲಕರ್ಮವು ಮಾತ್ರ ನಮ್ಮ ಗಡಿಯಾಚೆಯ ಮಿರಜದಲ್ಲಿ ಜೀವಂತವಾಗಿದೆ. 19ನೆಯ ಶತಮಾನದಲ್ಲಿ ಕತ್ತಿಗಳಿಗೆ ಬೇಡಿಕೆ ಕುಗ್ಗಿದಾಗ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ತಂಬೂರಿ, ಸಿತಾರುಗಳ ತಯಾರಿಕೆಗೆ ತಿರುಗಿದರು. 2024ರಲ್ಲಿ ಮಿರಜದ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅವರಿಗೆ ಬೇಕಾದ ದೊಡ್ಡ ಸೋರೆಗಳು ಬೆಳೆಯುವುದು ಭೀಮಾತೀರದ ಪಂಢರಪುರದ ಸುತ್ತಿನ ಹೊಲಗಳಲ್ಲಿ. ಅಲ್ಲಿಂದ ಅನತಿದೂರದಲ್ಲಿಯೇ ಮಂಗಳವೇಢೆ ಇದೆ. ಕಲ್ಯಾಣಕ್ಕೆ ಬರುವ ಮುನ್ನ ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದುದು ಆ ಊರಿನಲ್ಲಿಯೇ.