ದೀಪಕ್ಕೆ ಮೈ ಕೊಟ್ಟವರು

ನಮ್ಮ ನಾಡಿನ ಶಾಸನಗಳನ್ನು ಓದುವವರಿಗೆ ನಂದಾದೀವಿಗೆ ಹೊಸ ಮಾತಲ್ಲ. ಅರಸನು ಭೂಮಿ ಬಿಟ್ಟ, ಸೆಟ್ಟಿ ಹೊನ್ನು ಕೊಟ್ಟ, ಗಾಣದವನು ಎಣ್ಣೆ ಬಿಟ್ಟ. ಯಾವ ದೇವರ ಮುಂದೆ ದೀಪ ಉರಿಯಬೇಕು, ಈ ಧರ್ಮವನ್ನು ಕೆಡಿಸಿದವನಿಗೆ ಎಂಥ ಪಾಪ ತಟ್ಟುತ್ತದೆ, ಎಲ್ಲವೂ ಕಲ್ಲಿನ ಮೇಲಿದೆ. ಆದರೆ ಆ ಎಣ್ಣೆಯನ್ನು ಹೊತ್ತು ನಿಂತ ದೀಪವನ್ನು ಮಾಡಿದವನು ಯಾರು? ಅದರ ಆಕಾರವನ್ನು ಮೊದಲು ಮನಸ್ಸಿನಲ್ಲಿ ಕಂಡವನು ಯಾರು? ನಾನು ಓದಿದ ದಾನಶಾಸನಗಳಲ್ಲಿ ಎಣ್ಣೆಯ ಲೆಕ್ಕವಿದೆ; ದೀಪ ಮಾಡಿದವನ ಹೆಸರಿಲ್ಲ.

ಈ ಹೆಸರಿಲ್ಲದವನನ್ನು ಹುಡುಕಲು ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಸೀಮೆ ತಕ್ಕ ನೆಲ. ಏಕೆಂದರೆ ಇಲ್ಲಿ ಕಲ್ಲು ಕಡೆದವನು ತನ್ನ ಹೆಸರನ್ನು ಅಡಗಿಸಿಡಲಿಲ್ಲ. ಬಾದಾಮಿ ತಾಲೂಕಿನ ಪಟ್ಟದಕಲ್ಲಿಗೆ ಹೋಗಿ ನೋಡಿ. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ೮ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯನ್ನು ಇಂದು ನಾವು ವಿರೂಪಾಕ್ಷನ ಗುಡಿ ಎನ್ನುತ್ತೇವೆ. ಅದರ ಶಾಸನಗಳಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರಿದೆ. ತೆಂಕಣ ದಿಕ್ಕಿನ ಸೂತ್ರಧಾರಿ ಎನಿಸಿದ ಸರ್ವಸಿದ್ಧಿ ಆಚಾರಿಯ ಹೆಸರಿದೆ. ಈ ಸರ್ವಸಿದ್ಧಿಯನ್ನು ಹೊಗಳುವಾಗ ಶಾಸನವು ಪ್ರಾಸಾದದ ಮಾತನ್ನಷ್ಟೇ ಆಡುವುದಿಲ್ಲ. ಯಾನ, ಆಸನ, ಶಯನ, ಮಣಿಮಕುಟ, ಎಂದರೆ ಬಂಡಿ ಪಲ್ಲಕ್ಕಿ, ಪೀಠ, ಮಂಚ, ಕಿರೀಟ ಇವುಗಳಲ್ಲಿಯೂ ಅವನು ನಿಪುಣನೆಂದು ಸಾರುತ್ತದೆ.

ಇದು ಸಣ್ಣ ಮಾತಲ್ಲ. ಮನುಷ್ಯ ಕೂಡುವ, ಮಲಗುವ, ಮುಟ್ಟಿ ಬಳಸುವ ವಸ್ತುಗಳನ್ನು ಯೋಚಿಸಿ ರೂಪಿಸುವುದು ಸೂತ್ರಧಾರನ ಯೋಗ್ಯತೆಗೆ ಸೇರಿದ ಕೆಲಸವೆಂದು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇಲ್ಲಿ ಒಪ್ಪಿದ್ದರು. ಆ ಪಟ್ಟಿಯಲ್ಲಿ ದೀಪದ ಹೆಸರಿಲ್ಲ ನಿಜ. ಆದರೆ ಆಸನವನ್ನು ರೂಪಿಸುವ ಕಣ್ಣಿಗೂ ದೀಪವನ್ನು ರೂಪಿಸುವ ಕಣ್ಣಿಗೂ ಅಂತರವೇನೂ ಇಲ್ಲ.

ದೀಪದ ಮೈ ಎಲ್ಲಿಂದ ಹುಟ್ಟಿತು ಎಂಬುದನ್ನು ತಿಳಿಯಲು ಕುಂಬಾರನ ಪಣತಿಯೊಂದೇ ಸಾಕು. ತಿಗರಿಯ ಮೇಲಿಂದ ಇಳಿದ ಹಸಿ ಬಟ್ಟಲಿನ ಅಂಚನ್ನು ಅವನು ಎರಡು ಬೆರಳಿನಿಂದ ಚಿವುಟುತ್ತಾನೆ. ಅಲ್ಲಿಗೆ ಬಟ್ಟಲು ಹೋಗಿ ದೀಪವಾಯಿತು. ಆ ಮೂತಿಯಲ್ಲಿ ಬತ್ತಿ ಒರಗಿ ನಿಲ್ಲುತ್ತದೆ, ಜ್ವಾಲೆ ಎಣ್ಣೆಯಿಂದ ದೂರ ಉಳಿಯುತ್ತದೆ. ಬತ್ತಿ ಎಣ್ಣೆಯನ್ನು ತಾನೇ ಮೇಲಕ್ಕೆ ಹೀರಬೇಕಾದ್ದರಿಂದ ಬಟ್ಟಲು ಆಳವಾಗದೆ ಅಗಲವಾಗಿರಬೇಕು. ಆಳವಾದರೆ ಎಣ್ಣೆ ಇಳಿದಂತೆ ದೀಪ ಮಂಕಾಗುತ್ತದೆ.

ಸಮೆ ಎಂದು ನಮ್ಮ ಕಡೆ ಕರೆಯುವ ಹಿತ್ತಾಳೆಯ ಎತ್ತರದ ದೀಪವನ್ನು ಹೀಗೆಯೇ ಬಿಡಿಸಿ ನೋಡಬಹುದು. ಕೆಳಗಿನ ಪೀಠ ಅಗಲವಾಗಿ ತೂಕವಾಗಿರುವುದು ಮಕ್ಕಳ ಕಾಲು ತಾಗಿದರೂ ಉರುಳದಿರಲೆಂದು. ಪೀಠದ ಅಂಚು ಮೇಲಕ್ಕೆ ಎದ್ದಿರುವುದು ತೊಟ್ಟಿಕ್ಕಿದ ಎಣ್ಣೆ ನೆಲಕ್ಕೆ ಹರಿಯದಿರಲೆಂದು. ಕಂಬದಲ್ಲಿ ಗಂಟುಗಂಟಾದ ಬಳೆಗಳಿರುವುದು ಎಣ್ಣೆಗೈಯಲ್ಲಿ ಎತ್ತಿದಾಗ ಜಾರದಿರಲೆಂದು. ತುಂಡುಗಳನ್ನು ತಿರುಗಿಸಿ ಬಿಚ್ಚುವಂತೆ ಮಾಡಿರುವುದು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಲೆಂದು. ತುದಿಯ ಹಂಸವೋ ನವಿಲೋ ಮಾತ್ರ ಅಂದಕ್ಕೆ ಎನ್ನೋಣವೆಂದರೆ, ಮೇಲಿನ ಬಟ್ಟಲನ್ನು ಕಂಬಕ್ಕೆ ಬಿಗಿಯುವ ಹಿಡಿಯೂ ಅದೇ.

ಇನ್ನು ಕೈಯಲ್ಲಿ ಬಟ್ಟಲು ಹಿಡಿದು ನಿಂತ ಹೆಣ್ಣಿನ ದೀಪ, ನಮ್ಮ ಜನ ದೀಪದ ಮಲ್ಲಿ ಎನ್ನುವ ಮೂರ್ತಿ. ಇಲ್ಲಿ ದೀಪವೂ ಶಿಲ್ಪವೂ ಒಂದಾಗುತ್ತವೆ. ಇಂಥ ಒಂದು ಮೂರ್ತಿ ಮನಸ್ಸಿನಿಂದ ಲೋಹಕ್ಕೆ ಇಳಿಯುವ ಹಾದಿಯನ್ನು ಬರೆದಿಟ್ಟವನು ಒಬ್ಬ ಕನ್ನಡ ನಾಡಿನ ಅರಸನೇ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ೧೧೨೯ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಎರಕದ ವಿಧಾನವಿದೆ. ಅವನು ಹೇಳುವುದು ದೇವತಾಮೂರ್ತಿಯನ್ನು ಕುರಿತು. ಆದರೆ ಮೂರ್ತಿರೂಪದ ದೀಪಕ್ಕೂ ಮೇಣದ ಎರಕದ ಹಾದಿ ಅದೇ.

ಮೊದಲು ಅಳತೆಗೆ ತಪ್ಪದಂತೆ ಮೇಣದ ಮೂರ್ತಿಯನ್ನು ಮಾಡಬೇಕು. ಅದರ ಬೆನ್ನು, ಹೆಗಲು, ಮುಡಿಗಳಲ್ಲಿ ದತ್ತೂರಿ ಹೂವಿನ ಆಕಾರದ ಮೇಣದ ನಾಳಗಳನ್ನು ಕೂಡಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಮಾಡಿದ ಹತ್ತಿ, ಉಪ್ಪು ಬೆರೆಸಿ ಅರೆದ ಮಣ್ಣನ್ನು ಮೂರು ಸಲ ಬಳಿಯಬೇಕು: ಮೊದಲ ಸಲ ತೆಳ್ಳಗೆ, ನೆರಳಲ್ಲಿ ಒಣಗಿದ ಮೇಲೆ ಎರಡನೆಯದು, ಕೊನೆಯದು ದಪ್ಪಗೆ. ಕಾಯಿಸಿದಾಗ ಮೇಣ ಕರಗಿ ಹೋಗುತ್ತದೆ. ಮಣ್ಣಿನೊಳಗೆ ಮೂರ್ತಿಯಷ್ಟೇ ಬಯಲು ಉಳಿಯುತ್ತದೆ. ಆ ಬಯಲಿಗೆ ತೆಂಗಿನಕಾಯಿಯಾಕಾರದ ಮೂಸೆಯಿಂದ ಕರಗಿದ ಲೋಹವನ್ನು ಧಾರೆ ಕಡಿಯದಂತೆ ಹೊಯ್ಯಬೇಕು. ಆರಿದ ಮೇಲೆ ಮಣ್ಣು ಒಡೆದು, ನಾಳಗಳನ್ನು ಕತ್ತರಿಸಿ, ಮೈಯನ್ನು ನಯಮಾಡಬೇಕು.

ಇದರಲ್ಲಿ ನನಗೆ ಬಹಳ ಮೆಚ್ಚಿಕೆಯಾದುದು ಲೆಕ್ಕ. ಮೇಣವನ್ನು ಮೊದಲೇ ತೂಗಿಟ್ಟುಕೊಳ್ಳಬೇಕೆಂದು ಗ್ರಂಥ ವಿಧಿಸುತ್ತದೆ. ಹಿತ್ತಾಳೆ ತಾಮ್ರಗಳಾದರೆ ಅದರ ಎಂಟು-ಹತ್ತು ಪಟ್ಟು, ಬೆಳ್ಳಿಯಾದರೆ ೧೨ ಪಟ್ಟು, ಚಿನ್ನವಾದರೆ ೧೬ ಪಟ್ಟು ಲೋಹ ಬೇಕು. ಅಂದರೆ ಒಂದು ಸೇರು ಮೇಣ ಬಿದ್ದ ಮೂರ್ತಿಗೆ ಹನ್ನೆರಡು ಸೇರು ಬೆಳ್ಳಿ. ಕೆಲಸಕ್ಕೆ ಕೈ ಹಾಕುವ ಮುನ್ನವೇ ಯಜಮಾನನಿಗೆ ಖರ್ಚು ತಿಳಿಯಿತು. ಎರಕದವನಿಗೆ ಲೋಹ ನಡುವೆ ಸಾಲದೆ ಹೋಗುವ ಭಯ ತಪ್ಪಿತು. ಕಲ್ಪನೆ, ಮಾದರಿ, ಅಂದಾಜು, ಎರಕ, ಒಪ್ಪ: ಇಂದಿನ ಕಾರಖಾನೆಯವರು ತಮ್ಮದೆಂದು ಹೇಳುವ ಕ್ರಮ ಇದೇ ಅಲ್ಲವೆ?

ಆದರೆ ಈ ವಿಧಾನದಲ್ಲಿ ಮೇಣವೂ ಹೋಯಿತು, ಮಣ್ಣೂ ಒಡೆಯಿತು. ಎರಡನೆಯದು ಬೇಕಾದರೆ ಮೊದಲಿನಿಂದ ಮೇಣ ಹಿಡಿಯಬೇಕು. ನೂರು ಮನೆಗೆ ನೂರು ದೀಪ ಬೇಕಾದಾಗ ಎರಡು ಹೋಳಿನ ಮರಳಿನ ಅಚ್ಚೇ ಗತಿ. ಮರಳಿನಿಂದ ಮಾದರಿಯನ್ನು ಎತ್ತಿದಾಗ ಅಚ್ಚು ಕುಸಿಯಬಾರದು. ಹಾಗಾಗಿ ಮುಂದಕ್ಕೆ ಚಾಚಿದ ಕೈ, ಕೊಂಕಿದ ಸೊಂಟ ಅಲ್ಲಿ ಸುಲಭವಾಗಿ ಒದಗುವುದಿಲ್ಲ. ದುಂಡನೆಯ ಕಂಬ, ದುಂಡನೆಯ ಬಟ್ಟಲು ಒದಗುತ್ತವೆ. ಮನೆಮನೆಗೆ ಸಮೆ ಬಂದು, ದೀಪದ ಮಲ್ಲಿ ಉಳ್ಳವರ ಮನೆಯಲ್ಲಿ ಉಳಿದುದಕ್ಕೆ ಭಕ್ತಿಗಿಂತ ಮರಳೇ ಹೆಚ್ಚಿನ ಕಾರಣವೆಂದು ನನ್ನ ಎಣಿಕೆ.

ಒಂದೇ ದೀಪ ಬೇರೆ ಬೇರೆ ಕೈಗೆ ಬಂದಾಗ ಬೇರೆ ಬೇರೆ ಮೈ ತಳೆಯುವುದನ್ನು ಈ ಸೀಮೆಯಲ್ಲಿಯೇ ಕಾಣಬಹುದು. ಬಾದಾಮಿಯ ಬಳಿ ಬನಶಂಕರಿಯಲ್ಲಿ, ಹರಿದ್ರಾತೀರ್ಥದ ಹತ್ತಿರ, ದೀಪ ಕಲ್ಲಿನ ಕಂಬವಾಗಿದೆ. ಹಣತೆ ಇಡಲು ಮೈತುಂಬ ಕಲ್ಲಿನ ಚಾಚುಗಳು. ಹುನಗುಂದವನ್ನು ದಾಟಿ ಇಳಕಲ್ಲಿಗೆ ಬಂದರೆ ಅದೇ ದೀಪ ಸೀರೆಯ ಮೇಲಿದೆ. ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳ ಜೊತೆಗೆ ದೀಪವೂ ಉಂಟು. ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಅಲ್ಲಿ ದುಂಡು ದುಂಡಾಗಿ ಉಳಿಯದೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಸಾಮಗ್ರಿ ಒಪ್ಪಿದ್ದನ್ನು ಮಾತ್ರ ಮಾಡಿ, ಅದರಿಂದಲೇ ಚೆಲುವನ್ನು ತೆಗೆಯುವ ಬುದ್ಧಿ ಇಬ್ಬರದೂ ಒಂದೇ.

ಬಳಿಕ ಚಿಮಣಿ ಎಣ್ಣೆ ಬಂತು, ಕಂದೀಲು ಬಂತು, ವಿದ್ಯುತ್ತು ಬಂತು. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ೨೦೦೫ರಲ್ಲಿ ಅದು ಪೂರ್ಣವಾಯಿತು. ಅದರ ವಿದ್ಯುದಾಗಾರದ ಬಲ ೨೯೦ ಮೆಗಾವ್ಯಾಟು. ಅದೇ ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಬಲಿಯಾದವು, ಜನ ನವನಗರಕ್ಕೆ ನಡೆದರು. ಬೆಳಕು ಕೊಟ್ಟ ನೀರೇ ದೀಪದ ಮನೆಗಳನ್ನು ನುಂಗಿತು. ಸಮೆಯನ್ನು ಗಂಟು ಕಟ್ಟಿ ಒಯ್ಯಬಹುದು. ಗಾಳಿಗೆ ಮರೆಯಾಗಿ, ಹೊಗೆಯನ್ನು ತನ್ನ ಮೈಗೆ ಬಳಿದುಕೊಂಡು, ದೀಪದ ಅರ್ಧ ಕೆಲಸವನ್ನು ತಾನೇ ಮಾಡುತ್ತಿದ್ದ ಗೋಡೆಯ ಮಾಡವನ್ನು ಒಯ್ಯಲಾಗದು.

ಈಗ ಮನೆಯ ಅಂದಕ್ಕೆಂದು ಶಿಲ್ಪರೂಪದ ದೀಪಗಳು ಅಂಗಡಿಗೆ ಬರುತ್ತಿವೆ. ಒಳಗೆ ಬತ್ತಿಯ ಬದಲು ಬಲ್ಬು. ಅದಕ್ಕೆ ನನ್ನ ತಕರಾರಿಲ್ಲ. ಬಲ್ಬಿಗೆ ಎಣ್ಣೆಯ ಬಟ್ಟಲು ಬೇಡ, ಆದರೆ ಕಣ್ಣಿಗೆ ಕುಕ್ಕದಂತೆ ಮರೆ ಬೇಕು, ತಂತಿಗೆ ದಾರಿ ಬೇಕು, ಕಾವು ಹೊರಹೋಗಲು ತೆರಪು ಬೇಕು. ಇವನ್ನು ಯೋಚಿಸಿ ಮಾಡಿದವನು ಸರ್ವಸಿದ್ಧಿಯ ವಂಶದವನೇ. ಹಳೆಯ ಸಮೆಗೆ ತೂತು ಕೊರೆದು ಬಲ್ಬು ತುರುಕಿದವನಿಗೆ ಆ ಮಾತು ಸಲ್ಲದು.

ಮನೆಯಲ್ಲಿ ಅಜ್ಜಿಯ ಕಾಲದ ಸಮೆಯಿದ್ದವರು ಅದನ್ನು ಯಾವ ಪೇಟೆಯಲ್ಲಿ ಕೊಂಡರು, ಎರಕ ಹೊಯ್ದವರು ಯಾರು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಲಿ. ಹೊಸದಾಗಿ ದೀಪ ಮಾಡಿಸುವವರು ಪೀಠದ ಅಡಿಯಲ್ಲಿ ಮಾಡಿದವನ ಹೆಸರನ್ನು ಕೊರೆಯಿಸಲಿ. ಪಟ್ಟದಕಲ್ಲಿನಲ್ಲಿ ರಾಣಿಯ ಹೆಸರಿನೊಡನೆ ಆಚಾರಿಯ ಹೆಸರೂ ನಿಂತಿದೆ. ಕಂಚುಗಾರನ ಹೆಸರಿಗೆ ಪೀಠದ ಅಡಿಯ ಎರಡು ಅಂಗುಲ ಜಾಗ ಸಾಕು.